ಸೆಪ್ಟೆಂಬರ್ ಕೊನೆಗೆ ಒಂದೇ ಪ್ರವಾಸ: ಮ್ಯೂನಿಕ್‌ನ ಬಿಯರ್ ಟೆಂಟೋ, ಅಮೆರಿಕದ ಬೇಸ್‌ಬಾಲ್ ಮೈದಾನವೋ?

ಆಟದ ಹುಚ್ಚೂ ಇದೆ, ಬಿಯರ್ ಮೇಲೆ ಪ್ರೀತಿಯೂ ಇದೆ, ಆದರೆ ರಜೆ ಒಂದೇ ವಾರ. ಇಂಥವರಿಗೆ ಕ್ಯಾಲೆಂಡರ್ ಪ್ರತಿ ವರ್ಷ ಒಂದೇ ಪೇಚು ತಂದಿಡುತ್ತದೆ. ಮ್ಯೂನಿಕ್‌ನ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್ ಶುರುವಾಗುವುದು ಸೆಪ್ಟೆಂಬರ್ 15ರ ನಂತರದ ಶನಿವಾರ, ಮುಗಿಯುವುದು ಅಕ್ಟೋಬರ್‌ನ ಮೊದಲ ಭಾನುವಾರ. ಆ ಭಾನುವಾರ 1 ಅಥವಾ 2ನೇ ತಾರೀಖಿಗೆ ಬಿದ್ದರೆ, ಜರ್ಮನಿಯ ಏಕೀಕರಣ ದಿನವಾದ 3ರವರೆಗೂ ಹಬ್ಬ ಮುಂದುವರಿಯುತ್ತದೆ. 2026ರಲ್ಲಿ ಅದು ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡ ಆಡುವ 162 ಪಂದ್ಯಗಳ ಲೀಗ್ ಹಂತ ಮುಗಿಯುವುದೂ ಅದೇ ಹೊತ್ತಿಗೆ; 2026ರಲ್ಲಿ ಸೆಪ್ಟೆಂಬರ್ 27ಕ್ಕೆ. ಅದಾದ ಮೇಲೆ ಪ್ಲೇಆಫ್, ಅಕ್ಟೋಬರ್ ಕೊನೆಗೆ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್.

ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಬ್ಬರೇ ಅಥವಾ ಇಬ್ಬರೇ ಹೊರಟಿದ್ದರೆ ಬೇಸ್‌ಬಾಲ್. ಎಂಟು-ಹತ್ತು ಜನರ ಗುಂಪು ಆರು ತಿಂಗಳು ಮೊದಲೇ ಗಟ್ಟಿಯಾಗಿ ಕೂಡಿಬಂದರೆ ಮ್ಯೂನಿಕ್. ಬೇಸ್‌ಬಾಲ್‌ನಲ್ಲೂ ಮೊದಲ ಸಲ ಹೋಗುವವರು ಪ್ಲೇಆಫ್ ಬಿಟ್ಟು ಸೆಪ್ಟೆಂಬರ್‌ನ ಕೊನೆಯ ವಾರದ ಪಂದ್ಯಗಳನ್ನು ನೋಡುವುದು ಜಾಣತನ. ಎರಡೂ ಬೇಕು ಎನ್ನುವ ಆಸೆಬುರುಕರಿಗೆ ಸಿನ್ಸಿನಾಟಿ ಎಂಬ ಊರಿದೆ, ಅದರ ವಿಷಯ ಮುಂದೆ ಬರುತ್ತದೆ.

ಮೊದಲು ಪಾಸ್‌ಪೋರ್ಟ್, ಆಮೇಲೆ ಆಸೆ

ಭಾರತದಿಂದ ಹೊರಡುವವರಲ್ಲಿ ಎಷ್ಟೋ ಜನರ ಪಾಲಿಗೆ ಆಯ್ಕೆ ವೀಸಾದಲ್ಲೇ ಮುಗಿದಿರುತ್ತದೆ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ವಯಸ್ಕರಿಗೆ ಶುಲ್ಕ 90 ಯೂರೋ, ಸೇವಾ ಕೇಂದ್ರದ ಶುಲ್ಕ ಬೇರೆ. 15 ದಿನ ಎಂಬುದು ನಿಯಮ ಅಷ್ಟೇ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಸೆಪ್ಟೆಂಬರ್ ಪ್ರಯಾಣಕ್ಕೆ ಜೂನ್‌ನಲ್ಲೇ ಅರ್ಜಿ ಹಾಕಿ. ಅಮೆರಿಕದ ಪ್ರವಾಸಿ ವೀಸಾ (ಬಿ1/ಬಿ2) ಕೈಯಲ್ಲಿಲ್ಲದಿದ್ದರೆ ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಆ ವರ್ಷಕ್ಕೆ ಬೇಸ್‌ಬಾಲ್ ಮರೆತುಬಿಡುವುದೇ ವಾಸಿ. ಹತ್ತು ವರ್ಷದ ವೀಸಾ ಈಗಾಗಲೇ ಇದ್ದವರಿಗೆ, ಅಥವಾ ಅಲ್ಲೇ ನೆಲೆಸಿದ ಕನ್ನಡಿಗರಿಗೆ, ಲೆಕ್ಕ ತಿರುಗುಮುರುಗಾಗುತ್ತದೆ.

ರಜೆಯ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡಿ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು, ಮಕ್ಕಳ ದಸರಾ ರಜೆಯೂ ಮ್ಯೂನಿಕ್ ಹಬ್ಬವೂ ಒಟ್ಟಿಗೆ ಸಿಕ್ಕವು. 2026ರಲ್ಲಿ ಅಧಿಕ ಮಾಸ ಬಂದು ವಿಜಯದಶಮಿ ಅಕ್ಟೋಬರ್ 20ರ ಆಸುಪಾಸಿಗೆ ಹೋಗಿದೆ. ಅಷ್ಟರಲ್ಲಿ ಮ್ಯೂನಿಕ್‌ನಲ್ಲಿ ಹಬ್ಬ ಮುಗಿದು ಹದಿನೈದು ದಿನ ಕಳೆದಿರುತ್ತದೆ, ಬೇಸ್‌ಬಾಲ್ ಪ್ಲೇಆಫ್ ಮಾತ್ರ ನಡೆಯುತ್ತಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಇದೊಂದೇ ಕಾರಣ ಸಾಕು.

ಬೆಂಗಳೂರಿನಿಂದ ಮ್ಯೂನಿಕ್‌ಗೆ ಲುಫ್ತಾನ್ಸಾ 2023ರ ನವೆಂಬರ್‌ನಲ್ಲಿ ನೇರ ವಿಮಾನ ಶುರುಮಾಡಿತು. ಹಬ್ಬದ ವಾರಗಳಲ್ಲಿ ಅದರ ದರ ಏರುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿಳಿದು ರೈಲು ಹಿಡಿದರೆ ಎಷ್ಟು ಉಳಿಯುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.

ಸೀಟು: ಎಲ್ಲ ಇರುವುದು ಇಲ್ಲೇ

ಎರಡರ ನಡುವಿನ ನಿಜವಾದ ವ್ಯತ್ಯಾಸ ಬಿಯರೂ ಅಲ್ಲ, ಆಟವೂ ಅಲ್ಲ; ಕೂರಲು ಜಾಗ ಸಿಗುವ ಬಗೆ. ಅಕ್ಟೋಬರ್‌ಫೆಸ್ಟ್‌ಗೆ ಪ್ರವೇಶ ಉಚಿತ. ತಾರೀಖು, ಜಾಗ ಎರಡೂ ವರ್ಷಗಳ ಮೊದಲೇ ಗೊತ್ತು. ಗೊತ್ತಿಲ್ಲದ್ದು ಸೀಟು. ಬೇಸ್‌ಬಾಲ್‌ನಲ್ಲಿ ಸೀಟಿನ ಸಂಖ್ಯೆ ಫೋನಿನಲ್ಲೇ ಇರುತ್ತದೆ, ಆದರೆ ಪ್ಲೇಆಫ್ ಆದರೆ ಯಾವ ಊರಿನಲ್ಲಿ ಆಟ ಎಂಬುದೇ ಎರಡು ದಿನ ಮೊದಲು ತಿಳಿಯುವುದು.

ಮ್ಯೂನಿಕ್‌ನ ತೆರೇಸಿಯೆನ್‌ವೀಸೆ ಮೈದಾನ ಸುಮಾರು 42 ಹೆಕ್ಟೇರ್. ಊರಿನವರು ಹಬ್ಬವನ್ನೇ ‘ವೀಸನ್’ ಎನ್ನುತ್ತಾರೆ. ದೊಡ್ಡ ಟೆಂಟ್‌ಗಳು 14, ಜೊತೆಗೆ ಚಿಕ್ಕವು ಹಲವು. ದೊಡ್ಡ ಟೆಂಟ್ ಒಂದೊಂದರಲ್ಲೂ ಸಾವಿರಾರು ಜನ ಕೂರಬಹುದು, ಆದರೂ ಶನಿವಾರ ಸಾಲುವುದಿಲ್ಲ. ಮುಖ್ಯ ನಿಯಮ ಇಷ್ಟು: ಟೆಂಟ್ ಒಳಗೆ ಸೀಟಿಲ್ಲದವರಿಗೆ ಬಿಯರ್ ಇಲ್ಲ. ಬಡಿಸುವವರು ಟೇಬಲ್‌ಗೆ ಮಾತ್ರ ತಂದುಕೊಡುತ್ತಾರೆ, ಓಡಾಡುವ ದಾರಿಯಲ್ಲಿ ನಿಂತವರಿಗಲ್ಲ. ಹೋಫ್‌ಬ್ರಾಯ್ ಟೆಂಟಿನಲ್ಲಿ ನಿಂತು ಕುಡಿಯುವ ದೊಡ್ಡ ಜಾಗವಿದೆ. ವಿದೇಶಿಯರೆಲ್ಲ ಅಲ್ಲಿ ತುಂಬಿರುವುದಕ್ಕೆ ಅದೂ ಒಂದು ಕಾರಣ.

ಕಾಯ್ದಿರಿಸುವುದಾದರೆ ಇಡೀ ಟೇಬಲ್ಲನ್ನೇ, ಅಂದರೆ ಹತ್ತು ಜನರಿಗೆ. ಟೇಬಲ್‌ಗೆ ಬಾಡಿಗೆ ಇರುವುದಿಲ್ಲ, ತಲೆಗೆ ಇಷ್ಟು ಎಂದು ಊಟ-ಬಿಯರ್‌ನ ಕೂಪನ್ ಮೊದಲೇ ಕೊಳ್ಳಬೇಕು. ಸಾಮಾನ್ಯವಾಗಿ ಒಬ್ಬರಿಗೆ ಎರಡು ಲೀಟರ್ ಬಿಯರ್, ಅರ್ಧ ಕೋಳಿ. ಹತ್ತು ಜನರಿಗೆ 400ರಿಂದ 500 ಯೂರೋ ಮುಂಗಡ ಎಂದಿಟ್ಟುಕೊಳ್ಳಿ. ಗುಂಪಿನಲ್ಲಿ ಮೂವರು ಸಸ್ಯಾಹಾರಿಗಳಿದ್ದರೂ ಕೋಳಿಯ ಲೆಕ್ಕದ ಕೂಪನ್ ಹಣ ಕಟ್ಟಲೇಬೇಕು. ಆ ಕೂಪನ್ ಬೇರೆ ತಿನಿಸಿಗೆ ನಡೆಯುತ್ತದೋ ಇಲ್ಲವೋ ಎಂಬುದನ್ನು ಆಯಾ ಟೆಂಟಿನವರನ್ನೇ ಕೇಳಿ. ಅರ್ಜಿ ಹಾಕುವುದು ನೇರವಾಗಿ ಟೆಂಟಿನ ವೆಬ್‌ಸೈಟಿನಲ್ಲಿ, ಚಳಿಗಾಲ ಮುಗಿಯುವಷ್ಟರಲ್ಲಿ. ಆಗಸ್ಟ್‌ನಲ್ಲಿ ಸಾವಿರಗಟ್ಟಲೆ ಯೂರೋಗೆ ‘ಶನಿವಾರ ರಾತ್ರಿಯ ಟೇಬಲ್’ ಮಾರುವ ಮಧ್ಯವರ್ತಿಗಳ ಕಡೆ ತಿರುಗಿಯೂ ನೋಡಬೇಡಿ. ಹಾಗೆ ಮರುಮಾರಾಟವಾದ ಕಾಯ್ದಿರಿಸುವಿಕೆಯನ್ನು ಟೆಂಟಿನವರು ಒಪ್ಪದೆ ಬಾಗಿಲಲ್ಲೇ ತಡೆಯಬಹುದು, ಆಮೇಲೆ ದುಡ್ಡು ಹಿಂದಿರುಗಿಸುವವರು ಯಾರೂ ಇರುವುದಿಲ್ಲ.

ಟೇಬಲ್ ಇಲ್ಲದವರಿಗೂ ದಾರಿ ಇದೆ. ಪ್ರತಿ ದೊಡ್ಡ ಟೆಂಟಿನಲ್ಲೂ ಒಂದು ಪಾಲು ಸೀಟುಗಳನ್ನು ಕಾಯ್ದಿರಿಸದೆ ಬಿಡಬೇಕೆಂಬುದು ನಗರಾಡಳಿತದ ಷರತ್ತು. ಸೋಮವಾರದಿಂದ ಗುರುವಾರದವರೆಗೆ ಬೆಳಗ್ಗೆ 11ಕ್ಕೆ ಹೋದರೆ ನಾಲ್ಕು ಜನರಿಗೆ ಜಾಗ ಸಿಗದೇ ಇರುವುದು ಅಪರೂಪ. ಮಧ್ಯಾಹ್ನ ಎರಡರವರೆಗೂ ಆಸೆ ಇಟ್ಟುಕೊಳ್ಳಬಹುದು, ಸಂಜೆ ಐದರ ಮೇಲೆ ಬಿಟ್ಟುಬಿಡಿ. ಶನಿವಾರವಾದರೆ ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿರಬೇಕು. ಖಾಲಿ ಕಂಡ ಟೇಬಲ್ ಮೇಲೆ ಹೆಸರು, ಸಮಯ ಬರೆದ ಚೀಟಿ ಇದ್ದರೆ ಗಾಬರಿಯಾಗಬೇಡಿ. ‘16.00’ ಎಂದಿದ್ದರೆ ಅಲ್ಲಿಯವರೆಗೆ ಕೂರಬಹುದು, ಆ ಹೊತ್ತಿಗೆ ಏಳಲೇಬೇಕು. ಜನರಲ್ ಬೋಗಿಯಲ್ಲಿ ಟವೆಲ್ ಹಾಸಿ ಸೀಟು ಹಿಡಿಯುವ ನಮ್ಮ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಬರಬೇಕಾದವರು ಇನ್ನೂ ಬಂದಿಲ್ಲವಾದರೆ ಅವರ ಜಾಗಕ್ಕೆ ಬೇರೆಯವರು ಕೂರುತ್ತಾರೆ, ಆಮೇಲೆ ಟೆಂಟಿನ ಬಾಗಿಲು ಮುಚ್ಚಿತೆಂದರೆ ನಿಮ್ಮವರು ಹೊರಗೇ. ಮಳೆ ಇಲ್ಲದಿದ್ದರೆ ಟೆಂಟ್ ಪಕ್ಕದ ಬಯಲಿನ ಬೆಂಚುಗಳು ಎಷ್ಟೋ ಮೇಲು, ಬೇಗ ಸಿಗುತ್ತವೆ, ಮಾತೂ ಕೇಳಿಸುತ್ತದೆ.

ತಪ್ಪಿಸಬೇಕಾದ ದಿನಗಳು: ಮೊದಲ ಶನಿವಾರ ಮಧ್ಯಾಹ್ನ 12ಕ್ಕೆ ಮೇಯರ್ ಶೋಟನ್‌ಹಾಮೆಲ್ ಟೆಂಟಿನಲ್ಲಿ ಮೊದಲ ಪೀಪಾಯಿಗೆ ನಲ್ಲಿ ಹೊಡೆಯುವವರೆಗೆ ಎಲ್ಲಿಯೂ ಬಿಯರ್ ಹರಿಯುವುದಿಲ್ಲ, ಬೆಳಗ್ಗೆಯಿಂದ ಕೂತವರು ಒಣಗುತ್ತಿರುತ್ತಾರೆ. ಎರಡನೆಯ ವಾರಾಂತ್ಯಕ್ಕೆ ಇಟಲಿಯಿಂದ ಜನಸಾಗರ ಬರುತ್ತದೆ. 2025ರ ಸೆಪ್ಟೆಂಬರ್ 27ರ ಶನಿವಾರ ನೂಕುನುಗ್ಗಲು ಹೆಚ್ಚಾಗಿ ಇಡೀ ಮೈದಾನವನ್ನೇ ಕೆಲ ಹೊತ್ತು ಮುಚ್ಚಬೇಕಾಯಿತು. ಅಕ್ಟೋಬರ್ 3 ಸರ್ಕಾರಿ ರಜೆ, ಅದೂ ಹಾಗೆಯೇ.

ಬೇಸ್‌ಬಾಲ್ ಕಡೆ ಬನ್ನಿ. ಒಂಟಿ ಪ್ರೇಕ್ಷಕನಿಗೆ ಇಷ್ಟು ಅನುಕೂಲವಾದ ಆಟ ಇನ್ನೊಂದಿಲ್ಲ. ಪ್ರತಿ ತಂಡ ತನ್ನ ಊರಿನಲ್ಲಿ 81 ಪಂದ್ಯ ಆಡುತ್ತದೆ, ಮಂಗಳವಾರ ರಾತ್ರಿಯ ಪಂದ್ಯಕ್ಕೆ ಸೀಟು ಸಿಗದೇ ಇರುವುದಿಲ್ಲ. ಬಿಡಿ ಸೀಟು ಜೋಡಿ ಸೀಟಿಗಿಂತ ಅಗ್ಗ. ಪ್ಲೇಆಫ್ ಆಸೆ ಕೈಬಿಟ್ಟ ತಂಡದ ಪಂದ್ಯಕ್ಕೆ ಮರುಮಾರಾಟದ ಜಾಲತಾಣಗಳಲ್ಲಿ ಆಟ ಶುರುವಾಗುವ ಒಂದೆರಡು ಗಂಟೆ ಮೊದಲು ಬೆಲೆ ಕುಸಿಯುತ್ತದೆ. ಪೈಪೋಟಿಯಲ್ಲಿರುವ ತಂಡದ್ದಾದರೆ ಏರುತ್ತದೆ, ಅದಕ್ಕೆ ಮೊದಲೇ ಕೊಳ್ಳಿ. ತೆರಿಗೆ ಬಿಟ್ಟು ಉಳಿದ ಎಲ್ಲ ಶುಲ್ಕ ಸೇರಿಸಿಯೇ ಬೆಲೆ ತೋರಿಸಬೇಕೆಂಬ ನಿಯಮ ಅಮೆರಿಕದಲ್ಲಿ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ, ಹಾಗಾಗಿ ಹೋಲಿಸುವುದು ಮೊದಲಿಗಿಂತ ಸುಲಭ. ಟಿಕೆಟ್ ಬಹುತೇಕ ಮೇಜರ್ ಲೀಗ್‌ನ ‘ಎಂಎಲ್‌ಬಿ ಬಾಲ್‌ಪಾರ್ಕ್’ ಆ್ಯಪ್‌ನಲ್ಲೇ ಬರುತ್ತದೆ. ಸ್ಕ್ರೀನ್‌ಶಾಟ್ ನಂಬಿ ಹೋಗಬೇಡಿ, ಗೇಟಿನಲ್ಲಿ ನೆಟ್ ಬೇಕು, ಚಾರ್ಜ್ ಬೇಕು.

ಸೀಟು ಆರಿಸುವಾಗ ಕ್ರಿಕೆಟ್ ಕಣ್ಣಿಗೆ ಹೇಳಿ ಮಾಡಿಸಿದ್ದು ಹೋಮ್ ಪ್ಲೇಟಿನ, ಅಂದರೆ ಬ್ಯಾಟರ್ ನಿಲ್ಲುವ ಜಾಗದ, ಹಿಂದಿನ ಮೇಲಂತಸ್ತು. ಬೌಲರನ ಕೈಯಿಂದ ಚೆಂಡು ತಿರುಗುವುದೂ ಫೀಲ್ಡರ್‌ಗಳು ಬ್ಯಾಟರ್‌ಗೆ ತಕ್ಕಂತೆ ಸರಿಯುವುದೂ ಅಲ್ಲಿಂದ ಒಟ್ಟಿಗೆ ಕಾಣುತ್ತವೆ. ಕೆಳಗಿನ ಸಾಲುಗಳಿಗಿಂತ ಬೆಲೆಯೂ ಎಷ್ಟೋ ಕಡಿಮೆ. ಹಗಲಿನ ಪಂದ್ಯವಾದರೆ ಮೂರನೇ ಬೇಸ್ ಕಡೆಗೆ ಕೂರಿ (ಬೇಸ್ ಎಂದರೆ ಓಟಗಾರ ಮುಟ್ಟಬೇಕಾದ ಮೂಲೆ; ಮೂರನೆಯದು ಬ್ಯಾಟರ್‌ನ ಎಡಕ್ಕೆ, ಮೊದಲನೆಯದು ಬಲಕ್ಕೆ). ಬಹುತೇಕ ಮೈದಾನಗಳಲ್ಲಿ ಬ್ಯಾಟರ್ ಪೂರ್ವ-ಈಶಾನ್ಯದ ಕಡೆಗೆ ಮುಖ ಮಾಡಿ ನಿಲ್ಲುವುದರಿಂದ ಮಧ್ಯಾಹ್ನದ ಬಿಸಿಲು ಮೊದಲನೇ ಬೇಸ್ ಮತ್ತು ಬಲಗಡೆಯ ಔಟ್‌ಫೀಲ್ಡ್ ಪ್ರೇಕ್ಷಕರ ಮುಖಕ್ಕೇ ಹೊಡೆಯುತ್ತದೆ. ಚೆಂಡು ತಡೆಯುವ ಬಲೆ ಇಲ್ಲದ ಕಡೆಯ ತಗ್ಗಿನ ಸಾಲುಗಳಲ್ಲಿ ಕೂತವರು ಫೋನ್ ನೋಡುತ್ತಾ ಮೈಮರೆಯಬಾರದು. ಫೌಲ್ ಹೋದ ಚೆಂಡು ಬಂದು ಬಡಿಯುವುದಕ್ಕೆ ಒಂದು ಸೆಕೆಂಡ್ ಸಾಕು.

ಬಿಯರ್‌ನ ಲೆಕ್ಕ

ಅಕ್ಟೋಬರ್‌ಫೆಸ್ಟ್‌ನಲ್ಲಿ ಬಿಯರ್ ಬರುವುದು ಒಂದು ಲೀಟರ್ ಮಗ್‌ನಲ್ಲಿ, ಅದಕ್ಕೆ ‘ಮಾಸ್’ ಎನ್ನುತ್ತಾರೆ. ಬಡಿಸಲು ಅನುಮತಿ ಇರುವುದು ಮ್ಯೂನಿಕ್‌ನ ಆರು ಕಂಪನಿಗಳಿಗೆ ಮಾತ್ರ: ಆಗುಸ್ಟೀನರ್, ಹಾಕರ್-ಪ್‌ಶೋರ್, ಹೋಫ್‌ಬ್ರಾಯ್, ಲೂವೆನ್‌ಬ್ರಾಯ್, ಪೌಲಾನರ್, ಶ್ಪಾಟನ್. 2025ರಲ್ಲಿ ಒಂದು ಮಾಸ್‌ಗೆ 14.50ರಿಂದ 15.80 ಯೂರೋ ಇತ್ತು. ಮೇಲೆ ಒಂದೆರಡು ಯೂರೋ ಟಿಪ್ಸ್ ಕೊಡುವುದು ರೂಢಿ. ಮೊದಲ ಸುತ್ತಿನಲ್ಲೇ ಧಾರಾಳವಾಗಿ ಕೊಟ್ಟರೆ ಎರಡನೆಯ ಸುತ್ತು ಬೇಗ ಬರುತ್ತದೆ. ನಗದು ಇಟ್ಟುಕೊಂಡೇ ಹೋಗಿ.

ಎಡವಟ್ಟಾಗುವುದು ಪ್ರಮಾಣದಲ್ಲಿ. ಹಬ್ಬದ ಬಿಯರ್‌ನಲ್ಲಿ ಸುಮಾರು ಶೇ 6ರಷ್ಟು ಆಲ್ಕೋಹಾಲ್, ಅಂದರೆ ಒಂದು ಮಾಸ್‌ನಲ್ಲಿ ಸುಮಾರು 47 ಗ್ರಾಂ. ನಮ್ಮ ಶೇ 5ರ 650 ಮಿ.ಲೀ. ಬಾಟಲಿಯಲ್ಲಿ ಇರುವುದು ಸುಮಾರು 26 ಗ್ರಾಂ. ಅಂದರೆ ಒಂದು ಮಗ್ ಖಾಲಿ ಮಾಡಿದವರು ಎರಡು ದೊಡ್ಡ ಬಾಟಲಿಯ ಹತ್ತಿರ ಬಂದಿರುತ್ತಾರೆ. ಹದವಾಗಿ ಕುದಿಸಿದ, ಕಹಿ ಕಡಿಮೆಯ ಬಿಯರ್ ಆದ್ದರಿಂದ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ, ಏಳುವಾಗ ಗೊತ್ತಾಗುತ್ತದೆ. ಬ್ಯಾಂಡಿನವರು ‘ಐನ್ ಪ್ರೋಸಿಟ್’ ಎಂಬ ಚಿಯರ್ಸ್ ಹಾಡು ಎತ್ತಿದಾಗಲೆಲ್ಲ ಇಡೀ ಟೆಂಟ್ ಎದ್ದು ಮಗ್ ತಾಗಿಸುತ್ತದೆ, ಪ್ರತಿ ಸಲವೂ ದೊಡ್ಡ ಗುಟುಕು ಎಳೆಯಬೇಕೆಂದೇನೂ ಇಲ್ಲ. ಎರಡು ಮಾಸ್, ನಡುವೆ ಗಟ್ಟಿ ಊಟ, ಆಗಾಗ ನೀರು: ಬಹಳಷ್ಟು ಜನರಿಗೆ ಅಷ್ಟೇ ಮಿತಿ. ಸಂಜೆ ಆರರವರೆಗೆ ಬ್ಯಾಂಡ್ ಸದ್ದು 85 ಡೆಸಿಬೆಲ್ ಮೀರಬಾರದೆಂಬ ಕಟ್ಟುಪಾಡು 2005ರಿಂದ ಇದೆ. ಊಟ-ಮಾತು ಬೇಕಾದವರಿಗೆ ಮಧ್ಯಾಹ್ನವೇ ಸರಿ. ಬೆಂಚ್ ಮೇಲೆ ನಿಂತು ಕುಣಿಯಬಹುದು, ಟೇಬಲ್ ಮೇಲೆ ಹತ್ತಿದರೆ ಹೊರಗೆ ಹಾಕುತ್ತಾರೆ. ಮಗ್ ಚೀಲಕ್ಕಿಳಿಸಿದರೆ ಅದು ಕಳ್ಳತನ. ನೆನಪಿಗೆ ಬೇಕಾದರೆ ಅಂಗಡಿಯಲ್ಲಿ ಕೊಳ್ಳಿ, ರಸೀದಿ ಜೊತೆಗಿರಲಿ.

ಬೇಸ್‌ಬಾಲ್ ಮೈದಾನದಲ್ಲಿ ಬಿಯರ್ ಆಟಕ್ಕೆ ಪಕ್ಕವಾದ್ಯ. ಮಾರುವವರು ಹೆಗಲಿಗೆ ಪೆಟ್ಟಿಗೆ ನೇತುಹಾಕಿಕೊಂಡು ಮೆಟ್ಟಿಲು ಹತ್ತಿ ಬರುತ್ತಾರೆ, ಸೀಟು ಬಿಟ್ಟೇಳಬೇಕಿಲ್ಲ. ದೊಡ್ಡ ಊರುಗಳಲ್ಲಿ ಒಂದು ಕ್ಯಾನ್‌ಗೆ 12 ಡಾಲರ್ ದಾಟುವುದು ಸಾಮಾನ್ಯ, ಪ್ರಮಾಣದ ಲೆಕ್ಕದಲ್ಲಿ ಮ್ಯೂನಿಕ್‌ಗಿಂತ ದುಬಾರಿ. 21 ತುಂಬಿದ್ದಕ್ಕೆ ದಾಖಲೆ ಕೇಳುತ್ತಾರೆ, ತಲೆ ನರೆತವರನ್ನೂ ಕೇಳುತ್ತಾರೆ. ಭಾರತದ ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ನಡೆಯುವುದಿಲ್ಲ, ಪಾಸ್‌ಪೋರ್ಟ್ ಬೇಕು. ಜರ್ಮನಿಯಲ್ಲಿ ಬಿಯರ್‌ಗೆ 16 ವರ್ಷ ಸಾಕು.

ಒಂದು ಗೆರೆ ನೆನಪಿರಲಿ: ಬಹುತೇಕ ಮೈದಾನಗಳಲ್ಲಿ ಒಂಬತ್ತು ಇನಿಂಗ್ಸ್‌ಗಳ ಪೈಕಿ ಏಳನೆಯದು ಮುಗಿಯುತ್ತಲೇ ಮಾರಾಟ ನಿಲ್ಲುತ್ತದೆ. 2023ರಲ್ಲಿ ಚೆಂಡೆಸೆಯಲು ಸಮಯದ ಮಿತಿ ಹಾಕುವ ಪಿಚ್ ಕ್ಲಾಕ್ ಬಂದು ಆಟದ ಸರಾಸರಿ ಅವಧಿ 2 ಗಂಟೆ 40 ನಿಮಿಷಕ್ಕೆ ಇಳಿಯಿತು, ಮಾರಾಟದ ಹೊತ್ತು ಕಡಿಮೆಯಾಯಿತೆಂದು ಮಿಲ್ವಾಕೀ ಸೇರಿ ಕೆಲವು ತಂಡಗಳು ಎಂಟನೆಯದಕ್ಕೆ ಹಿಗ್ಗಿಸಿದವು. ಬೇಲಿಯೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕ್ಲೀವ್‌ಲ್ಯಾಂಡ್‌ನ 1974ರ ಜೂನ್ 4ರ ರಾತ್ರಿ ಇದೆ. ಲೋಟಕ್ಕೆ 10 ಸೆಂಟ್‌ನಂತೆ ಬಿಯರ್ ಹಂಚಿದರು. 5-5 ಸಮವಾಗಿದ್ದಾಗ ಒಂಬತ್ತನೇ ಇನಿಂಗ್ಸ್‌ನಲ್ಲಿ ಜನ ಮೈದಾನಕ್ಕೆ ನುಗ್ಗಿದರು, ಪಂದ್ಯವನ್ನು ಟೆಕ್ಸಸ್ ತಂಡಕ್ಕೆ ಬಿಟ್ಟುಕೊಡಬೇಕಾಯಿತು.

ಕುಡಿಯದವರಿಗೆ ಯಾವುದು? ಅನುಮಾನವೇ ಬೇಡ, ಬೇಸ್‌ಬಾಲ್. ಮ್ಯೂನಿಕ್‌ಗೇ ಹೋಗಬೇಕಾಗಿ ಬಂದರೆ ಮೊದಲ ಭಾನುವಾರ ಬೆಳಗಿನ ವೇಷಭೂಷಣದ ಮೆರವಣಿಗೆ, ದಕ್ಷಿಣ ತುದಿಯಲ್ಲಿ ‘ಓಯ್ಡೆ ವೀಸನ್’ (ಹಳೆಯ ವೀಸನ್) ನಡೆಯುವ ವರ್ಷವಾದರೆ ಅಲ್ಲಿರುವ ಹಳೆಯ ಕಾಲದ ತೊಟ್ಟಿಲು-ತಿರುಗಣಿಗಳು, ಇವುಗಳಿಗೆ ಅರ್ಧ ದಿನ ಸಾಕು. ಟೆಂಟಿನಲ್ಲಿ ಸೇಬಿನ ರಸಕ್ಕೆ ಸೋಡಾ ಬೆರೆಸಿದ ‘ಆಪ್ಫೆಲ್‌ಶೋರ್ಲೆ’ ಸಿಗುತ್ತದೆ, ಆಲ್ಕೋಹಾಲ್ ಇಲ್ಲದ ಬಿಯರೂ ಸಿಗುತ್ತದೆ.

ಸಸ್ಯಾಹಾರಿಯ ತಟ್ಟೆ

ಟೆಂಟಿನಲ್ಲಿ ಸಸ್ಯಾಹಾರಿಗೆ ಗಟ್ಟಿ ಊಟವೆಂದರೆ ‘ಕೇಸೆಶ್‌ಪೆಟ್ಸ್‌ಲೆ’, ಚೀಸ್ ಹಾಕಿದ ಗಿಡ್ಡ ನೂಡಲ್ಸ್, ಮೇಲೆ ಹುರಿದ ಈರುಳ್ಳಿ. ಆ ನೂಡಲ್ಸ್‌ನಲ್ಲಿ ಮೊಟ್ಟೆ ಇರುತ್ತದೆ. ತಟ್ಟೆಯಗಲದ ‘ಬ್ರೆಟ್ಸೆಲ್’ ಎಂಬ ಗಂಟುಹಾಕಿದ ಬ್ರೆಡ್ ಮತ್ತು ‘ಒಬಾಟ್ಸ್‌ಡ’ ಎಂಬ ಚೀಸ್ ಮಿಶ್ರಣ ತಿಂದರೆ ಹೊಟ್ಟೆಗೂ ಆಧಾರ. ಮೋಸ ಹೋಗುವುದು ಆಲೂಗಡ್ಡೆ ಸಲಾಡ್‌ನಲ್ಲಿ. ಬವೇರಿಯಾದಲ್ಲಿ ಅದನ್ನು ಹೆಚ್ಚಾಗಿ ಮಾಂಸದ ಕಟ್ಟಿನಲ್ಲಿ ನೆನೆಸುತ್ತಾರೆ. ಹುಳಿ ಎಲೆಕೋಸಿನಲ್ಲೂ ಹಂದಿ ಕೊಬ್ಬು ಇರಬಹುದು. ‘ಓನೆ ಫ್ಲೈಶ್’ ಎಂದರೆ ಮಾಂಸದ ತುಂಡು ಇಲ್ಲ ಎಂದಷ್ಟೇ ತಿಳಿಯುತ್ತಾರೆ, ‘ಓನೆ ಫ್ಲೈಶ್‌ಬ್ರ್ಯೂಹೆ’ (ಮಾಂಸದ ಕಟ್ಟೂ ಬೇಡ) ಎಂದೂ ಸೇರಿಸಿ ಕೇಳಿ.

ಬೇಸ್‌ಬಾಲ್‌ನಲ್ಲಿ ಸಿಪ್ಪೆಸಹಿತ ಕಡಲೆಕಾಯಿ, ನಾಚೋಸ್, ಪ್ರೆಟ್ಜೆಲ್. ಸ್ಯಾನ್ ಫ್ರಾನ್ಸಿಸ್ಕೊದ ಒರಾಕಲ್ ಪಾರ್ಕ್‌ನ ಬೆಳ್ಳುಳ್ಳಿ ಫ್ರೈಸ್‌ಗೆ ಹೆಸರಿದೆ. ಹಾಟ್‌ಡಾಗ್ ಬಹುತೇಕ ದನದ ಮಾಂಸದ್ದು. ಅನೇಕ ಮೈದಾನಗಳು ಹೊರಗಿನ ಊಟವನ್ನೂ ಸೀಲ್ ಒಡೆಯದ ನೀರಿನ ಬಾಟಲಿಯನ್ನೂ ಒಳಗೆ ಬಿಡುತ್ತವೆ, ಚಪಾತಿ ಪಲ್ಯ ಸುತ್ತಿಕೊಂಡು ಹೋಗಬಹುದು. ಚೀಲದ ಅಳತೆ ಮಾತ್ರ ತಂಡದಿಂದ ತಂಡಕ್ಕೆ ಬೇರೆ. ಮ್ಯೂನಿಕ್‌ನಲ್ಲಿ ಮೂರು ಲೀಟರ್‌ಗಿಂತ ದೊಡ್ಡ ಚೀಲಕ್ಕೆ ಪ್ರವೇಶವೇ ಇಲ್ಲ.

ಮಕ್ಕಳು ಜೊತೆಗಿದ್ದರೆ

ಮ್ಯೂನಿಕ್‌ನಲ್ಲಿ ಮಂಗಳವಾರಗಳು ‘ಕುಟುಂಬ ದಿನ’ಗಳು, ಸಂಜೆಯವರೆಗೆ ಆಟದ ಸವಾರಿಗಳು ಅಗ್ಗ. ತಳ್ಳುಗಾಡಿಗೆ ಶನಿವಾರ ಮತ್ತು ಅಕ್ಟೋಬರ್ 3ರಂದು ಇಡೀ ದಿನ ನಿಷೇಧ, ಬೇರೆ ದಿನ ಸಂಜೆ ಆರರವರೆಗೆ ಮಾತ್ರ. ಆರು ವರ್ಷದೊಳಗಿನವರು ರಾತ್ರಿ ಎಂಟರ ಮೇಲೆ ಟೆಂಟಿನಲ್ಲಿ ಇರುವಂತಿಲ್ಲ. ಬೇಸ್‌ಬಾಲ್‌ನಲ್ಲಿ ಭಾನುವಾರ ಮಧ್ಯಾಹ್ನದ ಪಂದ್ಯ ಹುಡುಕಿ. ಆಟ ಮುಗಿದ ಮೇಲೆ ಮಕ್ಕಳನ್ನು ಮೈದಾನಕ್ಕಿಳಿಸಿ ಬೇಸ್ ಸುತ್ತ ಓಡಲು ಬಿಡುವ ತಂಡಗಳು ಹಲವಿವೆ.

ಪ್ಲೇಆಫ್ ಬೇಕೇ ಬೇಕು ಎನ್ನುವವರಿಗೆ

2022ರಿಂದ 12 ತಂಡಗಳು ಪ್ಲೇಆಫ್‌ಗೆ ಬರುತ್ತವೆ. ಮೊದಲನೆಯದಾದ ವೈಲ್ಡ್ ಕಾರ್ಡ್ ಸುತ್ತು ಮೂರು ಪಂದ್ಯಗಳದು, ಮೂರೂ ಮೇಲಿನ ಶ್ರೇಯಾಂಕದ ತಂಡದ ಊರಿನಲ್ಲೇ. ಮುಂದಿನ ಡಿವಿಷನ್ ಸೀರೀಸ್ ಐದು ಪಂದ್ಯ, ಆಮೇಲಿನ ಎರಡು ಹಂತ ಏಳೇಳು. ಅರ್ಧಕ್ಕಿಂತ ಹೆಚ್ಚು ಪಂದ್ಯ ಒಂದು ತಂಡ ಗೆದ್ದ ಕೂಡಲೇ ಸರಣಿ ಅಲ್ಲಿಗೇ ಮುಗಿಯಿತು, ಉಳಿದ ಪಂದ್ಯ ನಡೆಯುವುದಿಲ್ಲ. ನಡೆಯದ ಪಂದ್ಯದ ಟಿಕೆಟ್ ಹಣ ವಾಪಸ್ ಬರುತ್ತದೆ. ಹೋಟೆಲ್, ವಿಮಾನದ್ದು ಬರುವುದಿಲ್ಲ. ಆದ್ದರಿಂದ ಖಂಡಿತ ನಡೆಯುವ ಪಂದ್ಯಗಳನ್ನಷ್ಟೇ ನೆಚ್ಚಿ: ವೈಲ್ಡ್ ಕಾರ್ಡ್‌ನಲ್ಲಿ 1 ಮತ್ತು 2, ಡಿವಿಷನ್ ಸೀರೀಸ್‌ನಲ್ಲಿ 1ರಿಂದ 3, ಏಳರ ಸರಣಿಗಳಲ್ಲಿ 1ರಿಂದ 4. ಡಿವಿಷನ್ ಸೀರೀಸ್‌ನ ಮೂರನೇ ಪಂದ್ಯ ಕೆಳಗಿನ ಶ್ರೇಯಾಂಕದ ತಂಡದ ಊರಿನಲ್ಲಿ, ಅದರ ಅಭಿಮಾನಿಗಳಿಗೆ ಖಾತ್ರಿಯಿರುವುದು ಅದೊಂದೇ. ಏಳನೇ ಪಂದ್ಯ ನೋಡುವ ಕನಸಿನಲ್ಲಿ ಟಿಕೆಟ್ ಕೊಳ್ಳುವುದು ಜೂಜು.

ಎರಡು ಮುನ್ನೆಚ್ಚರಿಕೆ. ಟೊರಾಂಟೊ ತಂಡ ಮುಂದೆ ಬಂದರೆ ಅರ್ಧ ಸರಣಿ ಕೆನಡಾದಲ್ಲಿ. 2025ರ ವರ್ಲ್ಡ್ ಸೀರೀಸ್‌ನ ಏಳರಲ್ಲಿ ನಾಲ್ಕು ಪಂದ್ಯ ಅಲ್ಲೇ ನಡೆದವು, ಅಮೆರಿಕದ ವೀಸಾ ಒಂದನ್ನೇ ನಂಬಿದರೆ ಗಡಿಯಲ್ಲೇ ನಿಲ್ಲಬೇಕು. ಇನ್ನೊಂದು ಸಮಯದ್ದು. ಲೀಗ್ ಪಂದ್ಯ ಸಮವಾದರೆ ಹತ್ತನೇ ಇನಿಂಗ್ಸ್‌ನಿಂದ ಎರಡನೇ ಬೇಸ್‌ನಲ್ಲಿ ಓಟಗಾರನನ್ನು ಇಟ್ಟೇ ಶುರುಮಾಡುತ್ತಾರೆ, ಬೇಗ ಮುಗಿಯುತ್ತದೆ. ಪ್ಲೇಆಫ್‌ನಲ್ಲಿ ಆ ಸೌಲಭ್ಯವಿಲ್ಲ. 2025ರ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ ಲಾಸ್ ಏಂಜಲಿಸ್‌ನಲ್ಲಿ 18 ಇನಿಂಗ್ಸ್‌ವರೆಗೆ, ಆರೂವರೆ ಗಂಟೆಗೂ ಹೆಚ್ಚು ಹೊತ್ತು ನಡೆಯಿತು. ಬಿಯರ್ ಮಾರಾಟ ನಿಂತ ಮೇಲೂ ಗಂಟೆಗಟ್ಟಲೆ ಕೂತಿರಬೇಕಾದ ರಾತ್ರಿ ಅದು. ಇಂಥದ್ದನ್ನೇ ಬಯಸಿ ಹೋಗುವ ಅಭಿಮಾನಿಗಳೂ ಇದ್ದಾರೆ, ಅವರಿಗೆ ಮಾರ್ಗದರ್ಶಿ ಬೇಕಾಗಿಲ್ಲ.

ಇದರ ಬದಲು ಲೀಗ್ ಹಂತದ ಕೊನೆಯ ಭಾನುವಾರ ನೋಡಿ. ಯಾರಿಗೂ ಬೇರೆ ಮೈದಾನದ ಫಲಿತಾಂಶದ ಲಾಭ ಸಿಗಬಾರದೆಂದು ಎಲ್ಲ 15 ಪಂದ್ಯಗಳನ್ನೂ ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಶುರುಮಾಡುತ್ತಾರೆ. ಸ್ಕೋರ್‌ಬೋರ್ಡ್‌ನಲ್ಲಿ ಬೇರೆ ಊರಿನ ರನ್ ಬದಲಾದಾಗ ಗ್ಯಾಲರಿಯಲ್ಲಿ ಏಳುವ ಗದ್ದಲ, ಐಪಿಎಲ್‌ನ ಕೊನೆಯ ವಾರದ ನೆಟ್ ರನ್‌ರೇಟ್ ಲೆಕ್ಕ ಹಾಕಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಎರಡೂ ಒಂದೇ ಊರಿನಲ್ಲಿ

ಓಹಾಯೊ ನದಿ ದಂಡೆಯ ಸಿನ್ಸಿನಾಟಿಗೆ 19ನೇ ಶತಮಾನದಲ್ಲಿ ಬಂದ ಜರ್ಮನ್ ವಲಸಿಗರು ಬಿಯರ್ ಕಾರ್ಖಾನೆಗಳನ್ನು ಕಟ್ಟಿದರು. ಎಲ್ಲ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ಬೇಸ್‌ಬಾಲ್ ತಂಡವೂ ಇಲ್ಲಿಯದೇ, 1869ರ ರೆಡ್ ಸ್ಟಾಕಿಂಗ್ಸ್. ಎರಡೂ ಸೇರಿ ಜಗಳವೂ ಆಯಿತು. ಮೈದಾನದಲ್ಲಿ ಬಿಯರ್ ಮಾರಿದ್ದಕ್ಕೆ, ಭಾನುವಾರ ಮೈದಾನ ಬಾಡಿಗೆಗೆ ಕೊಟ್ಟಿದ್ದಕ್ಕೆ ಸಿನ್ಸಿನಾಟಿಯ ತಂಡವನ್ನು ಆಗಿನ ದೊಡ್ಡ ಬೇಸ್‌ಬಾಲ್ ಕೂಟವಾದ ನ್ಯಾಷನಲ್ ಲೀಗ್ 1880ರಲ್ಲಿ ಹೊರಹಾಕಿತು. ಊರಿನವರು ಬೇರೆ ಊರುಗಳನ್ನು ಕೂಡಿಕೊಂಡು ಅಮೆರಿಕನ್ ಅಸೋಸಿಯೇಷನ್ ಎಂಬ ಎದುರು ಲೀಗ್ ಕಟ್ಟಿದರು: 25 ಸೆಂಟ್ ಟಿಕೆಟ್, ಭಾನುವಾರದ ಆಟ, ಕೈಯಲ್ಲಿ ಬಿಯರ್. ಎದುರಾಳಿಗಳು ‘ಬಿಯರ್-ವಿಸ್ಕಿ ಲೀಗ್’ ಎಂದು ಹಂಗಿಸಿದರು. 1882ರ ಮೊದಲ ವರ್ಷವೇ ಸಿನ್ಸಿನಾಟಿ ಗೆದ್ದಿತು. ಅದೇ ಲೀಗಿನ ಸೇಂಟ್ ಲೂಯಿಸ್ ತಂಡವನ್ನು ಕೊಂಡ ಕ್ರಿಸ್ ಫಾನ್ ಡೆರ್ ಆಹೆ ಜರ್ಮನಿಯಿಂದ ಬಂದು ಅಲ್ಲಿ ಮದ್ಯದಂಗಡಿ ಇಟ್ಟವರು. ಅವರ ತಂಡವೇ ಇಂದಿನ ಕಾರ್ಡಿನಲ್ಸ್. ಅಮೆರಿಕದ ಮೈದಾನದಲ್ಲಿ ಕೈಗೆ ಸಿಗುವ ಬಿಯರ್ ಈ ಜಗಳದ ಫಲ.

ಸಿನ್ಸಿನಾಟಿಯ ಅಕ್ಟೋಬರ್‌ಫೆಸ್ಟ್ ಜಿನ್ಜಿನಾಟಿ 1976ರಿಂದ ನಡೆಯುತ್ತಿದೆ, ಸೆಪ್ಟೆಂಬರ್ ಮೂರನೇ ವಾರಾಂತ್ಯದ ಆಸುಪಾಸಿನಲ್ಲಿ. ಪ್ರವೇಶಕ್ಕೆ ಹಣವಿಲ್ಲ, ಹತ್ತು ಜನರ ಟೇಬಲ್ ಗೋಜಿಲ್ಲ. ಸಣ್ಣ ಕಾಲಿನ ಡ್ಯಾಶಂಡ್ ನಾಯಿಗಳಿಗೆ ಬನ್ ತೊಡಿಸಿ ಓಡಿಸುವ ಸ್ಪರ್ಧೆಯೂ ಇದೆ. ಹಬ್ಬದ ನದಿತೀರದಿಂದ ರೆಡ್ಸ್ ತಂಡದ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್‌ಗೆ ನಡೆದೇ ಹೋಗಬಹುದು. ಆ ವಾರಾಂತ್ಯ ತಂಡ ಊರಿನಲ್ಲಿದೆಯೇ ಎಂದು ಮೊದಲು ವೇಳಾಪಟ್ಟಿ ನೋಡಿ. ಪ್ರತಿ ವರ್ಷ ಹೊಂದಿಬರುವುದಿಲ್ಲ, ಹೊಂದಿಬಂದ ವರ್ಷ ಇದಕ್ಕಿಂತ ಕಡಿಮೆ ಖರ್ಚಿನ ಜೋಡಿ ಇಲ್ಲ. ಮ್ಯೂನಿಕ್‌ನ ಟೆಂಟ್‌ಗಳ ಗಾತ್ರ, ಗತ್ತು ಮಾತ್ರ ಇಲ್ಲಿ ನಿರೀಕ್ಷಿಸಬೇಡಿ. ಇದು ಬಯಲು ಜಾತ್ರೆ, ಬಿಯರ್ ಪ್ಲಾಸ್ಟಿಕ್ ಲೋಟದಲ್ಲಿ.

ಮಿಲ್ವಾಕೀ ಇನ್ನೊಂದು ದಾರಿ. ತಂಡದ ಹೆಸರೇ ಬ್ರೂವರ್ಸ್. ಅಮೆರಿಕನ್ ಫ್ಯಾಮಿಲಿ ಫೀಲ್ಡ್‌ಗೆ ಮುಚ್ಚುವ ಛಾವಣಿ ಇರುವುದರಿಂದ ಮಳೆಗೆ ಪಂದ್ಯ ತಪ್ಪುವುದಿಲ್ಲ, ದೂರದಿಂದ ಬರುವವರಿಗೆ ಇದು ದೊಡ್ಡ ಲಾಭ. ಪಂದ್ಯಕ್ಕೆ ಗಂಟೆಗಳ ಮೊದಲೇ ಪಾರ್ಕಿಂಗ್ ಜಾಗದಲ್ಲಿ ಇದ್ದಿಲ ಒಲೆ ಹೊತ್ತಿಸಿ ಜರ್ಮನ್ ಸಾಸೇಜ್ ಸುಡುವುದು ಅಲ್ಲಿಯ ಪದ್ಧತಿ.

ಮರಳುವ ದಾರಿ

ಮ್ಯೂನಿಕ್‌ನಲ್ಲಿ ರಾತ್ರಿ 10.30ಕ್ಕೆ ಬಿಯರ್ ನಿಲ್ಲುತ್ತದೆ, ಹೆಚ್ಚಿನ ಟೆಂಟ್‌ಗಳು 11.30ಕ್ಕೆ ಮುಚ್ಚುತ್ತವೆ. ಆಗ ತೆರೇಸಿಯೆನ್‌ವೀಸೆ ಮೆಟ್ರೋ ನಿಲ್ದಾಣಕ್ಕೆ ಎಲ್ಲರೂ ಒಮ್ಮೆಲೇ ನುಗ್ಗುತ್ತಾರೆ. ಗೋಯ್ಟೆಪ್ಲಾಟ್ಸ್ ಅಥವಾ ಶ್ವಾಂಥಾಲರ್‌ಹೋಯೆ ನಿಲ್ದಾಣಕ್ಕೆ ನಡೆಯಿರಿ, ಇಲ್ಲವೇ ಮುಖ್ಯ ರೈಲು ನಿಲ್ದಾಣದವರೆಗೆ ಇಪ್ಪತ್ತು ನಿಮಿಷ ಹೆಜ್ಜೆ ಹಾಕಿ. ಊರೊಳಗೆ ಹೋಟೆಲ್ ದರ ದುಪ್ಪಟ್ಟಾಗಿರುವಾಗ ಆಗ್ಸ್‌ಬುರ್ಗ್‌ನಲ್ಲಿ ಉಳಿದು ರೈಲಿನಲ್ಲಿ ಓಡಾಡುವುದು ಒಳ್ಳೆಯ ಉಪಾಯ, ಕೊನೆಯ ರೈಲಿನ ಸಮಯ ಮಾತ್ರ ಬರೆದಿಟ್ಟುಕೊಳ್ಳಿ. ಬೀದಿಯಲ್ಲಿ ಬಾಡಿಗೆಗೆ ಸಿಗುವ ಇ-ಸ್ಕೂಟರ್ ಮುಟ್ಟಬೇಡಿ. ಜರ್ಮನಿಯ ಕಾನೂನಿನಲ್ಲಿ ಅದೂ ಮೋಟಾರು ವಾಹನವೇ, ರಕ್ತದಲ್ಲಿ ಸಾವಿರಕ್ಕೆ 0.5 ಪಾಲು ಆಲ್ಕೋಹಾಲ್ ಎಂಬ ಕಾರಿನ ಮಿತಿಯೇ ಅದಕ್ಕೂ. ಕುಡಿದು ಕಾರು ಓಡಿಸಿದವರಂತೆಯೇ ದಂಡ, ಚಾಲನಾ ನಿಷೇಧ ಎರಡೂ ಬೀಳುತ್ತವೆ.

ಎಲ್ಲಿಗೂ ಹೋಗಲಾಗದವರಿಗೆ: ಮ್ಯೂನಿಕ್‌ನ ಮೊದಲ ಪೀಪಾಯಿ ಭಾರತದ ಮಧ್ಯಾಹ್ನ 3.30ಕ್ಕೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ 8ಕ್ಕೆ ಶುರುವಾಗುವ ವರ್ಲ್ಡ್ ಸೀರೀಸ್ ಪಂದ್ಯ ನಮಗೆ ಮರುದಿನ ಬೆಳಗ್ಗೆ 5.30ಕ್ಕೆ. ಮಾಮೂಲಿ ಪಂದ್ಯವಾದರೆ ಆಫೀಸಿಗೆ ಹೊರಡುವಷ್ಟರಲ್ಲಿ ಮುಗಿಯುತ್ತದೆ.